ಐರನ್ ಮೇಡನ್ ತನ್ನ ಹಿಟ್ ಹಾಡುಗಳನ್ನೇ ಬಿಟ್ಟು ಕಾರ್ಯಕ್ರಮ ಕೊಡುವುದು ಅಭಿಮಾನಿಗಳಿಗೆ ಮಾಡುವ ಅನ್ಯಾಯವೇ?

ನಿಮ್ಮ ಪ್ರಶ್ನೆ ಓದಿದೆ. 2023ರಲ್ಲಿ ಜರ್ಮನಿಯಲ್ಲಿ ಮೊದಲ ಸಲ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ನೋಡಿದಿರಿ, ‘ದಿ ನಂಬರ್ ಆಫ್ ದಿ ಬೀಸ್ಟ್’ ಇಲ್ಲ, ‘ರನ್ ಟು ದಿ ಹಿಲ್ಸ್’ ಇಲ್ಲ, ‘ಹ್ಯಾಲೋಡ್ ಬಿ ದೈ ನೇಮ್’ ಕೂಡ ಇಲ್ಲ. ಹೊರಗೆ ಬಂದ ಮೇಲೆ ಜೊತೆಯಲ್ಲಿದ್ದವರು ಎರಡು ಪಂಗಡವಾಗಿ ಜಗಳಕ್ಕೆ ಬಿದ್ದರು. ದುಡ್ಡು ಕೊಟ್ಟು ಬಂದವರು ಕೇಳಬೇಕೆಂದ ಹಾಡು ಹಾಡದಿರುವುದು ಅನ್ಯಾಯವಲ್ಲವೇ ಅಂತ ಕೇಳಿದ್ದೀರಿ.

ನಿಮಗಾದ ಬೇಸರ ನ್ಯಾಯವಾದದ್ದೇ. ಆದರೂ ಈ ಜಗಳದಲ್ಲಿ ನಾನು ಬ್ಯಾಂಡಿನ ಕಡೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2007ರ ಮಾರ್ಚ್ 17ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಎರಡು ತಿಂಗಳು ಸಂಜೆ ತಿಂಡಿ ಬಿಟ್ಟು ಟಿಕೆಟ್ಟಿನ ದುಡ್ಡು ಕೂಡಿಸಿದ್ದೆ. ಬೆಳಗಿನ ಬಸ್ಸು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇನ್ನೊಂದು ಬಸ್ಸು ಹಿಡಿದು, ಮೇಖ್ರಿ ಸರ್ಕಲ್ಲಿನಲ್ಲಿ ಇಳಿದಾಗ ಕಪ್ಪು ಟೀ ಶರ್ಟುಗಳ ಸಾಲು ಕಣ್ಣು ಹಾಯುವಷ್ಟು ದೂರ ಇತ್ತು. ನನ್ನ ಪಕ್ಕ ನಿಂತ ಹುಡುಗ ಗುವಾಹಟಿಯಿಂದ ರೈಲಿನಲ್ಲಿ ಬಂದವನು. ಬ್ಯಾಂಡು ಆಗಷ್ಟೇ ದುಬೈಯಲ್ಲಿ ಹಾಡಿ ಬಂದಿತ್ತು. ಆ ರಾತ್ರಿಯ ಹಾಡುಗಳ ಪಟ್ಟಿಯನ್ನು ಅವನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡಿದ್ದ. ಬಿಚ್ಚಿ ತೋರಿಸಿದಾಗ ಬೆವರಿಗೆ ಶಾಯಿ ಹರಡಿತ್ತು. ನಾನು ಹುಡುಕಿದ್ದು ಒಂದೇ ಹೆಸರು, ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’. ಇರಲಿಲ್ಲ. ‘ಪವರ್‌ಸ್ಲೇವ್’, ‘ಏಸಸ್ ಹೈ’, ‘ವೇಸ್ಟೆಡ್ ಇಯರ್ಸ್’ ಕೂಡ ಇರಲಿಲ್ಲ. 2006ರಲ್ಲಿ ಬಂದ ಹೊಸ ಆಲ್ಬಮ್ಮಿನ ಹಾಡುಗಳೇ ಐದು ಇದ್ದವು, ಪಟ್ಟಿಯ ಮೊದಲ ಮೂರು ಹಾಡೂ ಅದರವೇ. ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಹಾಗಾಗಿ ನಿಮ್ಮ ಸಂಕಟ ನನಗೆ ಹೊಸದಲ್ಲ.

ಹಾಗಿದ್ದೂ ನಮಗೆ ಸಿಕ್ಕಿದ್ದು ಒಳ್ಳೆಯ ಪಾಲು ಅಂತಲೇ ಹೇಳಬೇಕು. ಐದು ತಿಂಗಳ ಹಿಂದೆ, 2006ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಆ ಪ್ರವಾಸ ಶುರುವಾದಾಗ, ಬ್ಯಾಂಡು ಹೊಸ ಆಲ್ಬಮ್ಮಿನ ಹತ್ತೂ ಹಾಡುಗಳನ್ನು ಮೊದಲಿನಿಂದ ಕೊನೆವರೆಗೆ ಹಾಡಿತ್ತು. 72 ನಿಮಿಷ ಹೊಸದು, ಆಮೇಲೆ ಹಳೆಯದು ಐದೇ ಐದು. ಹಳೇ ಹಾಡು ಹಾಡಿ ಅಂತ ಜನ ಕೂಗಿದರೂ ಆ ವರ್ಷ ಆ ಪಟ್ಟಿಯನ್ನು ಅವರು ಬದಲಾಯಿಸಲಿಲ್ಲ. ಅಭಿಮಾನಿಗಳು ಇವತ್ತಿಗೂ ಅದನ್ನೆತ್ತಿಕೊಂಡು ಕಿತ್ತಾಡುತ್ತಾರೆ. ನಾವು ಬೆಂಗಳೂರಿನವರು ‘ದಿ ಟ್ರೂಪರ್’, ‘ರನ್ ಟು ದಿ ಹಿಲ್ಸ್’, ‘ಫಿಯರ್ ಆಫ್ ದಿ ಡಾರ್ಕ್’ ಎಲ್ಲ ಕೇಳಿದೆವು.

ನಮ್ಮ ಕಡೆ ಸಂಗೀತ ಕಚೇರಿಗೆ ಹೋಗಿ ಅಭ್ಯಾಸ ಇರುವವರಿಗೆ ಈ ಬ್ಯಾಂಡಿನ ಹಟ ಅರ್ಥವಾಗುವುದು ಕಷ್ಟ. ನಮ್ಮ ತಂದೆ ರಾಮೋತ್ಸವದ ಕಚೇರಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸಭಿಕರು ಚೀಟಿ ಬರೆದು ವೇದಿಕೆಗೆ ಕಳಿಸುತ್ತಾರೆ, ವಿದ್ವಾಂಸರು ಕನ್ನಡಕ ಏರಿಸಿ ಓದಿ, ಪಕ್ಕವಾದ್ಯದವರ ಕಡೆ ಒಮ್ಮೆ ನೋಡಿ, ಆ ದೇವರನಾಮ ಶುರು ಮಾಡಿಬಿಡುತ್ತಾರೆ. ಶ್ರುತಿ ಇದೆ, ಪಿಟೀಲು ಇದೆ, ಮೃದಂಗ ಇದೆ, ಮತ್ತೇನು ಬೇಕು? ಐರನ್ ಮೇಡನ್ ಕಾರ್ಯಕ್ರಮ ಹಾಗಲ್ಲ. ಹಾಡಿಗೊಂದು ಹಿನ್ನೆಲೆ ಪರದೆ ಬದಲಾಗುತ್ತದೆ. ಯಾವ ಸಾಲಿಗೆ ಯಾವ ದೀಪ, ಯಾವ ಹೊಡೆತಕ್ಕೆ ಬೆಂಕಿ, ಎಡ್ಡಿ ಎಂಬ ಆ ಭೂತದ ಬೊಂಬೆ ಯಾವಾಗ ಒಳಬರಬೇಕು, ಎಲ್ಲ ಮೊದಲೇ ಗೊತ್ತುಮಾಡಿರುತ್ತಾರೆ. ಯಕ್ಷಗಾನ ಮೇಳ ಪ್ರಸಂಗ ನಿಗದಿ ಮಾಡಿ ವೇಷ ಕಟ್ಟಿದ ಮೇಲೆ ಬೇರೆ ಪ್ರಸಂಗ ಆಡಿ ಅಂದರೆ ಹೇಗೋ ಹಾಗೆ. ಅದಕ್ಕೇ ಪ್ರವಾಸದ ಮೊದಲ ರಾತ್ರಿಯ ಪಟ್ಟಿಯೇ ಸಾಮಾನ್ಯವಾಗಿ ಹೆಚ್ಚುಕಡಿಮೆ ಕೊನೆಯ ರಾತ್ರಿಯವರೆಗೂ ಉಳಿಯುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಮೆಟಾಲಿಕಾ ಬ್ಯಾಂಡಿನವರು 2023ರಲ್ಲಿ ಶುರು ಮಾಡಿದ ಪ್ರವಾಸದಲ್ಲಿ ಹೆಚ್ಚಿನ ಊರುಗಳಲ್ಲಿ ಎರಡು ರಾತ್ರಿ ಹಾಡಿದರು, ಮೊದಲ ರಾತ್ರಿಯ ಒಂದು ಹಾಡೂ ಎರಡನೇ ರಾತ್ರಿ ಬರದ ಹಾಗೆ. ಒಳ್ಳೆಯದೇ. ಆದರೆ ಎರಡೂ ರಾತ್ರಿಗೆ ಟಿಕೆಟ್ ಕೊಳ್ಳುವ ಶಕ್ತಿ ಎಷ್ಟು ಜನಕ್ಕಿದೆ? ಒಂದೇ ರಾತ್ರಿಗೆ ಹೋದವನಿಗೆ ಅಲ್ಲೂ ಅರ್ಧ ಊಟವೇ.

ಈಗ ನಿಮ್ಮ 2023ರ ಪಟ್ಟಿಗೆ ಬರೋಣ. ಸಮಯದ ಲೆಕ್ಕ ನೋಡಿ. ಕಾರ್ಯಕ್ರಮ ಸುಮಾರು ಎರಡು ಗಂಟೆ. 2021ರ ‘ಸೆಂಜುಟ್ಸು’ ಆಲ್ಬಮ್ಮಿನ ಹಾಡುಗಳು ಉದ್ದುದ್ದ. ‘ಡೆತ್ ಆಫ್ ದಿ ಕೆಲ್ಟ್ಸ್’ 10 ನಿಮಿಷ ದಾಟುತ್ತದೆ, ‘ಹೆಲ್ ಆನ್ ಅರ್ತ್’ 11 ನಿಮಿಷ ದಾಟುತ್ತದೆ. ‘ರನ್ ಟು ದಿ ಹಿಲ್ಸ್’ ನಾಲ್ಕು ನಿಮಿಷವೂ ಇಲ್ಲ. ಅಂದರೆ ಆ ಎರಡು ಹೊಸ ಹಾಡಿನ ಜಾಗದಲ್ಲಿ ನೀವು ಕಾಯುತ್ತಿದ್ದಂಥ ಐದು ಹಾಡು ಹಿಡಿಸಬಹುದಿತ್ತು. ಹೀಗೆ ಲೆಕ್ಕ ಹಾಕಿದರೆ ಕೋಪ ಬರುವುದು ಸಹಜ. ಆದರೆ ಅದೇ ಪಟ್ಟಿಯಲ್ಲಿ ‘ಅಲೆಕ್ಸಾಂಡರ್ ದಿ ಗ್ರೇಟ್’ ಇತ್ತು. 1986ರ ಆಲ್ಬಮ್ಮಿನ ಕೊನೆಯ ಹಾಡು ಅದು. ಅದನ್ನು ವೇದಿಕೆಯ ಮೇಲೆ ಒಮ್ಮೆಯೂ ಹಾಡಿರಲಿಲ್ಲ. ಅಭಿಮಾನಿಗಳು ಗೋಗರೆದು ಗೋಗರೆದು ಸಾಕಾಗಿದ್ದರು. 2023ರ ಮೇ 28ರಂದು ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ, 37 ವರ್ಷದ ಮೇಲೆ, ಮೊದಲ ಬಾರಿ ಹಾಡಿದರು. ನಾನು ಅಲ್ಲಿರಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದದ್ದನ್ನು ಮರುದಿನ ಬೆಳಿಗ್ಗೆ ಆಫೀಸಿನ ಬಸ್ಸಿನಲ್ಲಿ ಕೂತು ನೋಡಿ ಕಣ್ಣೀರಿಟ್ಟೆ.

ನಿಮ್ಮ ಜೊತೆಯವರ ಜಗಳದ ಬೇರು ಇಲ್ಲೇ ಇದೆ. ಹೊರಗಿನಿಂದ ನೋಡುವವರಿಗೆ ಹಳೆಯದು ಬೇಕೆನ್ನುವವರು, ಹೊಸದು ಬೇಕೆನ್ನುವವರು ಅಂತ ಎರಡೇ ಗುಂಪು ಕಾಣುತ್ತದೆ. ಮೂರನೆಯದೊಂದಿದೆ: ಹಳೆಯದೇ ಬೇಕು, ಆದರೆ ಹಾಡಿ ಸವೆಯದ ಹಳೆಯದು ಬೇಕು ಅನ್ನುವವರು. ಹತ್ತು ಸಲ ನೋಡಿದವನಿಗೆ ಹನ್ನೊಂದನೇ ಸಲ ‘ದಿ ಟ್ರೂಪರ್’ ಬಂದಾಗ ನೀರು ಕುಡಿಯಲು ಹೋಗುವ ಮನಸ್ಸು. ಕಚೇರಿಯಲ್ಲಿ ತನಿ ಆವರ್ತನಕ್ಕೆ ಮೃದಂಗದವರು ಕೈಯಿಟ್ಟ ಕೂಡಲೇ ಕಾಫಿಗೆ ಏಳುವವರಿದ್ದಾರಲ್ಲ, ಹಾಗೆ. ಮೊದಲ ಸಲ ಬಂದವನಿಗೆ ಅದೇ ಜೀವಮಾನದ ಹಾಡು. ಒಂದೇ ಮೈದಾನದಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಇಬ್ಬರಿಗೂ ಒಪ್ಪುವ ಪಟ್ಟಿ ಯಾರಿಂದಲೂ ಆಗದು.

ಆಗದು ಅನ್ನುವುದಕ್ಕೆ ಸಾಕ್ಷಿ 2025ರಲ್ಲೇ ಸಿಕ್ಕಿತು. ಬ್ಯಾಂಡಿನ 50 ವರ್ಷದ ನೆಪದಲ್ಲಿ ಬುಡಾಪೆಸ್ಟಿನಿಂದ ಶುರುವಾದ ಪ್ರವಾಸದಲ್ಲಿ 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮ್ಮಿನ ಹಾಡುಗಳನ್ನಷ್ಟೇ ಇಟ್ಟರು. ನೀವು ಕೇಳಿದ ಮೂರೂ ಅದರಲ್ಲಿದ್ದವು, ‘ರೈಮ್’ ಇತ್ತು, ‘ಕಿಲ್ಲರ್ಸ್’ ಕೂಡ ಇತ್ತು. ಆಗ ಶುರುವಾಯಿತು ಎದುರು ದೂರು: ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಗಿಟಾರ್ ನುಡಿಸುವ ಏಡ್ರಿಯನ್ ಸ್ಮಿತ್ 1999ರಲ್ಲಿ ಮರಳಿದ ಮೇಲೆ ಮಾಡಿದ ಅಷ್ಟೂ ಕೆಲಸದಿಂದ ಒಂದು ಹಾಡೂ ಇಲ್ಲವೇ ಅಂತ. ಈ ದೂರಿನಲ್ಲೂ ಹುರುಳಿದೆ. ನನಗೂ ಆ ಕಾಲದ ಒಂದಾದರೂ ಇರಬೇಕಿತ್ತು ಅನ್ನಿಸಿತು.

ನಾವು ಮರೆಯುವ ಇನ್ನೊಂದು ಸಂಗತಿ ದೇಹದ್ದು. ಹಾಡು ಕಟ್ಟುವ ಸ್ಟೀವ್ ಹ್ಯಾರಿಸ್ ಹುಟ್ಟಿದ್ದು 1956ರಲ್ಲಿ, ಬ್ರೂಸ್ 1958ರಲ್ಲಿ. ವಯಸ್ಸಾದ ಎಷ್ಟೋ ಬ್ಯಾಂಡುಗಳು ಗಾಯಕನಿಗೆ ಸುಲಭವಾಗಲೆಂದು ಶ್ರುತಿ ಇಳಿಸುತ್ತವೆ, ಇವರು ಇಳಿಸಿಲ್ಲ. 2015ರಲ್ಲಿ ನಾಲಿಗೆಯ ಹಿಂಭಾಗದ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ ಮನುಷ್ಯ ಅದೇ ಎತ್ತರದ ಸ್ವರದಲ್ಲಿ ಹಾಡುತ್ತಾರೆ. ನೀವು ನೋಡಿದ 2023ರ ಪ್ರವಾಸದ ವಿಷಯವಂತೂ ಕೇಳಿ: ಡ್ರಮ್ಮರ್ ನಿಕೋ ಮೆಕ್‌ಬ್ರೈನ್‌ಗೆ ಆ ವರ್ಷದ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದಿತ್ತು, ಬಲಗೈ ಸ್ವಾಧೀನ ತಪ್ಪಿತ್ತು. ಆಗ ಅವರಿಗೆ 70 ವರ್ಷ. ಮೇ ಕೊನೆಗೆ ಡ್ರಮ್ಮಿನ ಹಿಂದೆ ಕೂತಿದ್ದರು. ಆ ವಿಷಯ ಅವರು ಬಾಯಿಬಿಟ್ಟಿದ್ದು ಆಗಸ್ಟಿನಲ್ಲಿ. 2024ರ ಡಿಸೆಂಬರಿನಲ್ಲಿ ಪ್ರವಾಸದಿಂದ ನಿವೃತ್ತರಾದರು. ನೀವು ಕೇಳಿದ ಹಾಡು ನಿಮಗೆ ಸಿಗಲಿಲ್ಲ, ನಿಜ. ಆದರೆ ಕೈ ಮತ್ತೆ ಪಳಗಿಸಿಕೊಂಡು ಬಂದು ಬಾರಿಸಿದವರನ್ನು ನೀವು ನೋಡಿದಿರಿ. ಆ ಭಾಗ್ಯ ಇನ್ನು ಯಾರಿಗೂ ಸಿಗುವುದು ಅನುಮಾನ.

ಕೆಲವೊಮ್ಮೆ ಕಾರಣ ಸಂಗೀತದ್ದೂ ಅಲ್ಲ. 2017ರಲ್ಲಿ ‘ಹ್ಯಾಲೋಡ್ ಬಿ ದೈ ನೇಮ್’ ಪಟ್ಟಿಯಿಂದ ಮಾಯವಾದಾಗ ಅಭಿಮಾನಿಗಳು ಬ್ಯಾಂಡಿಗೆ ಹಿಡಿಶಾಪ ಹಾಕಿದ್ದರು. ಆಮೇಲೆ ತಿಳಿದದ್ದು, ಹಾಡಿನ ಕೆಲವು ಸಾಲುಗಳ ಹಕ್ಕಿನ ಬಗ್ಗೆ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ರಾಜಿಯಾಯಿತು, 2018ರಲ್ಲಿ ಹಾಡು ಮರಳಿತು.

ಹಾಗಾದರೆ ಅನ್ಯಾಯ ಅನ್ನುವುದೇ ಇಲ್ಲವೇ? ಇದೆ. ಬ್ಯಾಂಡು ಮತ್ತೆ ಬರುವುದೇ ಖಾತ್ರಿಯಿಲ್ಲದ ಊರಿಗೆ ಹೋಗಿ, ಏನು ಹಾಡುತ್ತೇವೆ ಅಂತ ಸುಳಿವೇ ಕೊಡದೆ, ಅಲ್ಲಿಯ ಜನ ವರ್ಷಗಟ್ಟಲೆ ಹಂಬಲಿಸಿದ ಹಾಡನ್ನು ಬಿಟ್ಟರೆ ಅದು ಅನ್ಯಾಯವೇ. ಗುವಾಹಟಿಯಿಂದ ರೈಲು ಹತ್ತಿ ಬಂದವನಿಗೆ ಸಲ್ಲಬೇಕಾದದ್ದೂ ತಮ್ಮೂರಲ್ಲೇ ಹತ್ತು ಸಲ ನೋಡಿದವನಿಗೆ ಸಲ್ಲಬೇಕಾದದ್ದೂ ಒಂದೇ ಅಲ್ಲ. ಬೆಂಗಳೂರಿಗೆ ಬಂದಾಗ ಅವರು ಇದನ್ನು ಅರಿತಿದ್ದರು ಅಂತಲೇ ನನ್ನ ನಂಬಿಕೆ. 2023ರದ್ದು ಬೇರೆ ಮಾತು. ‘ಸಮ್‌ವೇರ್ ಇನ್ ಟೈಮ್’ ಮತ್ತು ‘ಸೆಂಜುಟ್ಸು’ ಆಲ್ಬಮ್ಮುಗಳ ಸುತ್ತ ಕಟ್ಟಿದ ಪ್ರವಾಸ ಅಂತ ಮೊದಲೇ ಸಾರಿದ್ದರು, ‘ದಿ ಫ್ಯೂಚರ್ ಪಾಸ್ಟ್’ ಅನ್ನುವ ಹೆಸರಿನಲ್ಲೂ ಅದರ ಸುಳಿವಿತ್ತು. ಹೇಳಿ ಮಾಡಿದ ಮೇಲೆ ಬ್ಯಾಂಡಿನ ತಪ್ಪು ನನಗೆ ಕಾಣುವುದಿಲ್ಲ. ನಿಮಗೆ ಅದನ್ನು ಯಾರೂ ತಿಳಿಸಲಿಲ್ಲ ಅನ್ನುವುದೇ ನನಗೆ ಬೇಸರ.

ಮುಂದಿನ ಸಲ ಹೋಗುವುದಾದರೆ ಒಂದು ಕೆಲಸ ಮಾಡಿ. ಪ್ರವಾಸದ ಮೊದಲ ರಾತ್ರಿ ಮುಗಿದ ಮರುದಿನ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ, ನೋಡಿಕೊಳ್ಳಿ. ಗೊತ್ತಿಲ್ಲದ ಹಾಡಿದ್ದರೆ ನಾಲ್ಕು ದಿನ ಕೇಳಿ ಹೋಗಿ. ಮೊದಲೇ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ನನ್ನ ಅನುಭವ ಬೇರೆ.

ನಮ್ಮಣ್ಣನ ಹತ್ತಿರ ಯಾರಿಂದಲೋ ತುಂಬಿಸಿಕೊಂಡ ಒಂದು ಕ್ಯಾಸೆಟ್ ಇತ್ತು. ‘ರೈಮ್’ ಅದರ ಕೊನೆಯ ಹಾಡು, 13 ನಿಮಿಷಕ್ಕೂ ಮೀರಿದ್ದು. ನಡುವೆ ಎಲ್ಲ ವಾದ್ಯ ತಣ್ಣಗಾಗಿ, ಬೇಸ್ ಗಿಟಾರ್ ಒಂದೇ ಮೆಲ್ಲಗೆ ಮಿಡಿಯುತ್ತಾ, ಹಡಗಿನ ಮರ ಕಿರಗುಟ್ಟುವ ಸದ್ದು ಬರುವ ಜಾಗವಿದೆ. ಸರಿಯಾಗಿ ಅಲ್ಲಿಗೆ ಟೇಪು ಮುಗಿದು ಟಪ್ ಅಂತ ಗುಂಡಿ ಮೇಲೆ ಬರುತ್ತಿತ್ತು. ಎಷ್ಟೋ ವರ್ಷ ನನಗೆ ಆ ಹಾಡು ಅಷ್ಟೇ. ಆಮೇಲೆ ಪೂರ್ತಿ ಕೇಳಿದರೂ ಆ ಜಾಗ ಬಂದಾಗ ಕಿವಿ ಆ ಟಪ್ ಶಬ್ದಕ್ಕೇ ಕಾಯುತ್ತಿತ್ತು. 2009ರ ಫೆಬ್ರವರಿ 15ರಂದು ಅವರು ಮತ್ತೆ ಅರಮನೆ ಮೈದಾನಕ್ಕೆ ಬಂದರು, ಈ ಸಲ 80ರ ದಶಕದ ಹಾಡುಗಳ ಪ್ರವಾಸ. ಪಟ್ಟಿಯಲ್ಲಿ ‘ರೈಮ್’ ಇದೆಯೆಂದು ತಿಂಗಳುಗಳಿಂದ ಗೊತ್ತಿತ್ತು, ಎಷ್ಟನೆಯದು ಅಂತಲೂ ಗೊತ್ತಿತ್ತು. ವೇದಿಕೆ ಕತ್ತಲಾಯಿತು, ಮಂಜು ಹರಿಯಿತು, ಬೇಸ್ ಮಿಡಿಯಿತು, ಮರ ಕಿರಗುಟ್ಟಿತು. ಅಣ್ಣನೂ ಪಕ್ಕದಲ್ಲಿದ್ದ. ಇಬ್ಬರೂ ಉಸಿರು ಹಿಡಿದು ನಿಂತೆವು. ಟೇಪು ನಿಲ್ಲುತ್ತಿದ್ದ ಜಾಗ ದಾಟಿ ಹಾಡು ಮುಂದೆ ಹೋಯಿತು.