ಬೆಂಗಳೂರಿನಿಂದ ಮಂಗಳೂರಿಗೆ 300 ಕಿ.ಮೀ. ಹಾರಲು ವಿಮಾನಕ್ಕೆ ಒಂದು ಗಂಟೆ ಯಾಕೆ ಬೇಕು?

ಟಿಕೆಟ್‌ನಲ್ಲಿರುವ ಒಂದು ಗಂಟೆ ಚಿಲ್ಲರೆ ಬರೀ ಹಾರಾಟದ ಸಮಯವಲ್ಲ. ದೇವನಹಳ್ಳಿಯಲ್ಲಿ ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಬಜ್ಪೆಯಲ್ಲಿ ಬಂದು ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ಉರುಳಿ, ಸರದಿಗೆ ಕಾಯುವುದರಲ್ಲೇ ಹತ್ತು ಹದಿನೈದು ನಿಮಿಷ ಹೋಗುತ್ತದೆ.

ಆಕಾಶದಲ್ಲಿರುವುದು ಸುಮಾರು 40 ನಿಮಿಷ. ಗಂಟೆಗೆ 800 ಕಿ.ಮೀ. ವೇಗ ಸಿಗುವುದು ಮೇಲೆ ಹೋದಮೇಲೆ ಮಾತ್ರ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿ. ಇಷ್ಟು ಹತ್ತಿರದ ಊರಿಗಾದರೆ ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು. ಪ್ರೊಪೆಲ್ಲರ್ ಇರುವ ಎಟಿಆರ್ ಆದರೆ ಇನ್ನೂ ನಿಧಾನ.

ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದರೆ ಸುತ್ತು ಹೊಡೆಯಬೇಕಾದೀತು. ರಸ್ತೆಯಲ್ಲಾದರೆ ಶಿರಾಡಿ ಘಾಟಿ ಮೇಲೆ ಸುಮಾರು 350 ಕಿ.ಮೀ., ಏಳೆಂಟು ತಾಸು.