ಸ್ಟಾರ್ ಟ್ರೆಕ್ ಮರುಪ್ರಸಾರ: ಮೂರು ದೇಶಗಳ ಕಂತುಗಳನ್ನು ತಾಳೆ ಹಾಕುವ ಬಗೆ

ಕುಮಟಾದ ಮಿತ್ರರಿಗೆ ಶಿರಸಿಯಿಂದ ನಮಸ್ಕಾರ. ಲೆಸ್ಟರ್‌ನಲ್ಲಿರುವ ನಿಮ್ಮ ಅಕ್ಕ ಮತ್ತು ಟೊರಾಂಟೊದಲ್ಲಿರುವ ಚಿಕ್ಕಪ್ಪ ತಮ್ಮ ತಮ್ಮ ವಾಹಿನಿಗಳಲ್ಲಿ ಬರುವ, ಬಾಹ್ಯಾಕಾಶ ನೌಕೆಯೊಂದರ ಕಥೆಯ ಹಳೆಯ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಮರುಪ್ರಸಾರವನ್ನು ನೋಡುತ್ತಾರೆ, ನೀವು ಮನೆಯಲ್ಲಿರುವ ಡಿಸ್ಕ್ ಹಾಕಿಕೊಂಡು ನೋಡುತ್ತೀರಿ, ಭಾನುವಾರ ಮೂವರೂ ಫೋನಿನಲ್ಲಿ ಕೂಡಿ ಮಾತನಾಡುತ್ತೀರಿ ಎಂಬುದನ್ನು ಓದಿ ಸಂತೋಷವಾಯಿತು. ಆದರೆ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಒಂದೇ ಕಂತು ನಿಮ್ಮ ಡಿಸ್ಕ್‌ನಲ್ಲಿ 14ನೆಯದು, ಚಿಕ್ಕಪ್ಪನ ಪಟ್ಟಿಯಲ್ಲಿ 9ನೆಯದು, ಅಕ್ಕನ ಪಟ್ಟಿಯಲ್ಲಿ 15ನೆಯದು ಎಂದು ಬರುತ್ತಿದೆ. ಅವಧಿಯೂ ಕ್ರಮವಾಗಿ 50, 43 ಮತ್ತು 48 ನಿಮಿಷ. ಇವುಗಳಲ್ಲಿ ಸರಿಯಾದದ್ದು ಯಾವುದು ಎಂದು ಕೇಳಿದ್ದೀರಿ. ಸಂಖ್ಯೆಗಳು ಮೂರೂ ಸರಿ. ಅವಧಿಗಳಲ್ಲಿ ಎರಡು ಪೂರ್ತಿ, ಒಂದು ಮಾತ್ರ ಕತ್ತರಿಸಿದ್ದು. ಆ ಒಂದು ನೀವು ಶಂಕಿಸಿದಂತೆ ಅಕ್ಕನದಲ್ಲ, ಚಿಕ್ಕಪ್ಪನದು.

ಮೊದಲು ಸಂಖ್ಯೆಯ ವಿಚಾರ. ಈ ಧಾರಾವಾಹಿಯನ್ನು ಅಮೆರಿಕದ ಎನ್‌ಬಿಸಿ ವಾಹಿನಿಯು 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರವರೆಗೆ ಮೂರು ಹಂಗಾಮುಗಳಲ್ಲಿ ಪ್ರಸಾರ ಮಾಡಿತು. ಮೊದಲ ಹಂಗಾಮಿನಲ್ಲಿ 29, ಎರಡನೆಯದರಲ್ಲಿ 26, ಮೂರನೆಯದರಲ್ಲಿ 24, ಒಟ್ಟು 79 ಕಂತುಗಳು. (ಕೆನಡಾದ ಸಿಟಿವಿ ವಾಹಿನಿಯು ಮೊದಲ ಕಂತನ್ನು ಅಮೆರಿಕಕ್ಕಿಂತ ಎರಡು ದಿನ ಮೊದಲೇ, ಸೆಪ್ಟೆಂಬರ್ 6ರಂದು ತೋರಿಸಿತ್ತು, ಇದನ್ನು ಚಿಕ್ಕಪ್ಪನಿಗೆ ಹೇಳಿರಿ, ಖುಷಿಪಟ್ಟಾರು.) ಪ್ರಸಾರದ ಕ್ರಮಕ್ಕೂ ತಯಾರಿಕೆಯ ಕ್ರಮಕ್ಕೂ ಮೊದಲಿನಿಂದಲೇ ಹೊಂದಾಣಿಕೆ ಇರಲಿಲ್ಲ. ಮೊದಲು ಪ್ರಸಾರವಾದ ‘ದಿ ಮ್ಯಾನ್ ಟ್ರ್ಯಾಪ್’ ತಯಾರಿಕೆಯಲ್ಲಿ ಆರನೆಯದು. ಎರಡನೆಯದಾಗಿ ತಯಾರಾದ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ಮೂರನೆಯದಾಗಿ, ಸೆಪ್ಟೆಂಬರ್ 22ರಂದು ಪ್ರಸಾರವಾಯಿತು. ಆದ್ದರಿಂದಲೇ ಪ್ರಸಾರದ ಕ್ರಮದಲ್ಲಿ ನೋಡುವವರಿಗೆ ಮೂರನೆಯ ಕಂತಿನಲ್ಲಿ ಸಮವಸ್ತ್ರಗಳು ಇದ್ದಕ್ಕಿದ್ದಂತೆ ಬೇರೆಯಾಗಿ, ನೌಕೆಯ ವೈದ್ಯ ಮೆಕಾಯ್ ಮಾಯವಾಗಿ ಅವರ ಜಾಗದಲ್ಲಿ ಬೇರೊಬ್ಬ ವೈದ್ಯರು ಕಾಣಿಸಿ, ಸಂಪರ್ಕಾಧಿಕಾರಿ ಉಹುರಾ ಎಲ್ಲಿಯೂ ಇಲ್ಲದೆ, ಯಾವುದೋ ಕಂತು ತಪ್ಪಿಹೋಯಿತೇ ಎಂಬ ಅನುಮಾನ ಬರುತ್ತದೆ. ಏನೂ ತಪ್ಪಿರುವುದಿಲ್ಲ, ಅದು ಪ್ರಾಯೋಗಿಕವಾಗಿ ಮೊದಲೇ ತೆಗೆದಿಟ್ಟ ಕಂತು, ಅಷ್ಟೇ.

ಅದಕ್ಕೂ ಹಿಂದಿನ ಇನ್ನೊಂದು ಪ್ರಾಯೋಗಿಕ ಕಂತು ‘ದಿ ಕೇಜ್’. ಅದನ್ನು ಎನ್‌ಬಿಸಿ ಒಪ್ಪಲಿಲ್ಲ. ಅದರ ಬಹುಭಾಗವನ್ನು 1966ರ ನವೆಂಬರಿನಲ್ಲಿ ‘ದಿ ಮೆನಾಜರಿ’ ಎಂಬ ಎರಡು ಭಾಗಗಳ ಕಥೆಯೊಳಗೆ ಸೇರಿಸಿಕೊಂಡರು. ಇಡಿಯಾಗಿ ಅದು ಕಿರುತೆರೆಗೆ ಬಂದದ್ದು 1988ರಲ್ಲಿ. ಈಗ ಕೆಲವು ಪಟ್ಟಿಗಳು ‘ದಿ ಕೇಜ್’ ಅನ್ನು ಒಂದನೆಯ ಕಂತೆಂದು ಎಣಿಸುತ್ತವೆ, ಕೆಲವು ಕೊನೆಗೆ ಹಾಕುತ್ತವೆ, ಕೆಲವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಗೊಂದಲದ ಬೇರು ಇಲ್ಲಿದೆ. ‘ಬ್ಯಾಲೆನ್ಸ್ ಆಫ್ ಟೆರರ್’ ಪ್ರಸಾರದ ಕ್ರಮದಲ್ಲಿ 14ನೆಯದು, ತಯಾರಿಕೆಯ ಕ್ರಮದಲ್ಲಿ 9ನೆಯದು, ಪ್ರಸಾರದ ಕ್ರಮಕ್ಕೆ ‘ದಿ ಕೇಜ್’ ಅನ್ನು ಮುಂದೆ ಸೇರಿಸಿದರೆ 15ನೆಯದು. ಹಾಗಾಗಿ ಫೋನಿನಲ್ಲಿ ‘ಈ ವಾರ ಹದಿನಾಲ್ಕನೆಯದು’ ಎಂಬ ಮಾತನ್ನೇ ಬಿಟ್ಟು, ಕಂತಿನ ಹೆಸರು ಮತ್ತು ಅಮೆರಿಕದಲ್ಲಿ ಮೊದಲು ಪ್ರಸಾರವಾದ ದಿನಾಂಕ (ಇದಕ್ಕೆ 1966ರ ಡಿಸೆಂಬರ್ 15), ಇವೆರಡನ್ನು ಹೇಳುವ ರೂಢಿ ಮಾಡಿಕೊಳ್ಳಿರಿ. ಆ ದಿನಾಂಕ ಯಾವ ದೇಶಕ್ಕೆ ಹೋದರೂ ಬದಲಾಗುವುದಿಲ್ಲ.

ಈ ಗುಂಪಿನ ಇನ್ನೊಬ್ಬ ಸದಸ್ಯರು ನೌಕೆಯ ನಾಯಕ ತನ್ನ ದಿನಚರಿಯಲ್ಲಿ ಹೇಳುವ ತಾರಾದಿನಾಂಕವನ್ನು (ಕಥೆಯೊಳಗಿನ ಕಾಲ್ಪನಿಕ ದಿನಸಂಖ್ಯೆ) ಹಿಡಿದು ಕ್ರಮ ಕಟ್ಟಬಹುದೆಂದು ಸಲಹೆ ಕೊಟ್ಟಿದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡಲು ಹೋಗಿ ಕೈಸುಟ್ಟುಕೊಂಡವನು. ಮೊದಮೊದಲು ಅದು ಕೆಲಸ ಮಾಡುವಂತೆಯೇ ಕಾಣುತ್ತದೆ: ಎರಡನೆಯ ಪ್ರಾಯೋಗಿಕ ಕಂತಿನದು 1312.4, ‘ದಿ ಮ್ಯಾನ್ ಟ್ರ್ಯಾಪ್’ನದು 1513.1. ಆದರೆ ನವೆಂಬರಿನ ‘ದಿ ಮೆನಾಜರಿ’ 3012.4 ಎಂದರೆ ಅದರ ನಂತರ ಡಿಸೆಂಬರಿನಲ್ಲಿ ಬಂದ ‘ಬ್ಯಾಲೆನ್ಸ್ ಆಫ್ ಟೆರರ್’ 1709.2 ಎನ್ನುತ್ತದೆ. ‘ಅಸೈನ್‌ಮೆಂಟ್ ಅರ್ಥ್’ನಂತಹ ಕಂತುಗಳಲ್ಲಿ ತಾರಾದಿನಾಂಕವೇ ಇಲ್ಲ. ಅದನ್ನು ಅಲಂಕಾರವೆಂದು ಆನಂದಿಸಬಹುದು, ಪಂಚಾಂಗದಂತೆ ನಂಬಲು ಬರುವುದಿಲ್ಲ.

ಅವಧಿಯ ವಿಚಾರವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ಏಕೆಂದರೆ ನಿಮ್ಮ ಜಗಳ ಹುಟ್ಟುತ್ತಿರುವುದು ಅಲ್ಲಿ. ಮೂಲ ಕಂತು ಸುಮಾರು 50 ನಿಮಿಷದ್ದು. ಅರವತ್ತರ ದಶಕದಲ್ಲಿ ಒಂದು ತಾಸಿನ ಅವಧಿಯಲ್ಲಿ ಜಾಹೀರಾತಿಗೆ ಉಳಿಯುತ್ತಿದ್ದದ್ದು ಅಷ್ಟೇ ಕಡಿಮೆ. ಮುಂದೆ ಉತ್ತರ ಅಮೆರಿಕದ ಸ್ಥಳೀಯ ವಾಹಿನಿಗಳು ಮರುಪ್ರಸಾರ ಮಾಡುವಾಗ ಜಾಹೀರಾತಿನ ಪಾಲು ಬೆಳೆಯುತ್ತ ಹೋಯಿತು, ಕಥೆಯ ಪಾಲು ಕಿರಿದಾಯಿತು. ಚಿಕ್ಕಪ್ಪನ 43 ನಿಮಿಷ ಹೀಗೆ ಬಂದದ್ದು. ನಮ್ಮ ಕಡೆ ಯಕ್ಷಗಾನದ ಒಂದೇ ಪ್ರಸಂಗವನ್ನು ಬೆಳಗಿನವರೆಗೆ ಆಡುವ ಮೇಳವೂ ಇದೆ, ಮೂರು ತಾಸಿನಲ್ಲಿ ಮಂಗಳ ಹಾಡುವ ಕಾಲಮಿತಿಯ ಮೇಳವೂ ಇದೆಯಲ್ಲ. ಕಾಲಮಿತಿಯಲ್ಲಿ ಮೊದಲು ಹೋಗುವುದು ಒಡ್ಡೋಲಗ ಮತ್ತು ಹಾಸ್ಯ, ಯುದ್ಧವಲ್ಲ. ಇಲ್ಲಿಯೂ ಹಾಗೆಯೇ. ಕಥೆಯ ಎಳೆ ಕಡಿಯದಂತೆ ಕತ್ತರಿಸುವವರು ನೌಕೆಯ ಅಧಿಕಾರಿ ಸ್ಪಾಕ್ ಮತ್ತು ಮೆಕಾಯ್ ನಡುವಿನ ಕೊಂಕುಮಾತು, ನೌಕೆ ನಿಧಾನವಾಗಿ ಸಾಗುವ ನೋಟ, ದೃಶ್ಯದ ಕೊನೆಯ ಮೌನ, ಇಂತಹವುಗಳ ಮೇಲೆಯೇ ಕೈಯಿಡುತ್ತಾರೆ. ಈ ಧಾರಾವಾಹಿಯ ರುಚಿ ಇರುವುದೇ ಅವುಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಚಿಕ್ಕಪ್ಪನಿಗೆ ಯಾವುದಾದರೂ ಪಾತ್ರ ಒರಟಾಗಿ ಕಂಡರೆ ಅವರನ್ನು ಬಯ್ಯಬೇಡಿರಿ. ಆ ಪಾತ್ರವನ್ನು ಮೆದುಗೊಳಿಸುವ ಅರ್ಧ ನಿಮಿಷವನ್ನು ಅವರು ನೋಡಿರಲಿಕ್ಕಿಲ್ಲ.

ಅಕ್ಕನ 48 ನಿಮಿಷದಲ್ಲಿ ಮಾತ್ರ ಒಂದು ಮಾತೂ ಹೋಗಿಲ್ಲ. ಚಲನಚಿತ್ರದ ಸುರುಳಿಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿರುತ್ತವೆ. ಬ್ರಿಟನ್ನಿನ ಟಿವಿ ವ್ಯವಸ್ಥೆ ನಡೆಯುವುದು 25ರ ಲೆಕ್ಕದಲ್ಲಿ. ಅಲ್ಲಿನವರು ಸುರುಳಿಯನ್ನು ಅಷ್ಟೇ ವೇಗವಾಗಿ ಓಡಿಸಿಬಿಡುತ್ತಾರೆ, ಹೀಗಾಗಿ ನೂರಕ್ಕೆ ನಾಲ್ಕರಷ್ಟು ಸಮಯ ಕುಗ್ಗಿ, 50 ನಿಮಿಷದ್ದು 48ಕ್ಕೆ ಮುಗಿಯುತ್ತದೆ. ಸರಿಪಡಿಸದೆ ಹಾಗೆಯೇ ಬಿಟ್ಟರೆ ಧ್ವನಿಯ ಶ್ರುತಿಯೂ ಹಾರ್ಮೋನಿಯಂನ ಮುಕ್ಕಾಲು ಮನೆಯಷ್ಟು ಏರುತ್ತದೆ. ಅಮೆರಿಕ, ಕೆನಡಾಗಳಲ್ಲಿ ಕೆಲವು ಚೌಕಟ್ಟುಗಳನ್ನು ಭಾಗಶಃ ಎರಡೆರಡು ಸಲ ತೋರಿಸಿ 30ರ ಲೆಕ್ಕಕ್ಕೆ ಹೊಂದಿಸುವುದರಿಂದ ಅವಧಿ ಬದಲಾಗುವುದಿಲ್ಲ. ಹೀಗಾಗಿ ನಿಮ್ಮ ಪುಸ್ತಕದಲ್ಲಿ ಬ್ರಿಟನ್ನಿನ ಅವಧಿಯನ್ನು ಬರೆಯುವಾಗ 25ರಿಂದ ಗುಣಿಸಿ 24ರಿಂದ ಭಾಗಿಸಿ ಬರೆಯಿರಿ. ಆಗ 48 ಎಂಬುದು 50 ಆಗುತ್ತದೆ, 44 ಇದ್ದರೆ 46ಕ್ಕಿಂತ ಕಡಿಮೆಯೇ ಉಳಿದು ಕತ್ತರಿ ಬಿದ್ದಿರುವುದು ತಿಳಿಯುತ್ತದೆ. ಜಾಹೀರಾತನ್ನು ಬಿಟ್ಟು ಎಣಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ವ್ಯತ್ಯಾಸ ಚಿತ್ರದ್ದು. 2006ರಿಂದ ಈ ಕಂತುಗಳನ್ನು ಹೊಸದಾಗಿ ಶುದ್ಧೀಕರಿಸಿ, ನೌಕೆ ಮತ್ತು ಗ್ರಹಗಳ ಹೊರನೋಟಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಸೇರಿಸಿದರು. ಆರಂಭದ ಸಂಗೀತವನ್ನೂ ಮತ್ತೆ ನುಡಿಸಿ ಧ್ವನಿಮುದ್ರಿಸಿದರು. ವಾಹಿನಿಯಲ್ಲಿ ಹಳೆಯದು ಬರುತ್ತಿದೆಯೋ ಹೊಸದೋ ಎಂದು ತಿಳಿಯಲು ಗ್ರಹವನ್ನು ನೋಡಿರಿ: ಬಣ್ಣ ಬಳಿದ ಚೆಂಡಿನಂತಿದ್ದರೆ ಹಳೆಯದು, ಮೋಡಗಳ ಪದರ ಸ್ಪಷ್ಟವಾಗಿ ಕಂಡರೆ ಹೊಸದು. ಬ್ಲೂ-ರೇ ಡಿಸ್ಕ್‌ನಲ್ಲಿ ಎರಡನ್ನೂ ಆರಿಸಿಕೊಳ್ಳುವ ಸೌಲಭ್ಯವಿದೆ, ನಿಮ್ಮದು ಅದೇ ಆಗಿದ್ದರೆ ಅಕ್ಕ ಮತ್ತು ಚಿಕ್ಕಪ್ಪ ನೋಡಿದ್ದನ್ನು ಕೇಳಿಕೊಂಡು ಆರಿಸಿರಿ. ಅಡಿಕೆಯಲ್ಲಿ ಚಾಲಿಯನ್ನೂ ರಾಶಿಯನ್ನೂ ಒಂದೇ ಚೀಲಕ್ಕೆ ತುಂಬಿ ದರ ಕೇಳಿದಂತೆ ಎರಡನ್ನೂ ಬೆರೆಸಿ ‘ಆ ಯುದ್ಧದ ದೃಶ್ಯ ಚೆನ್ನಾಗಿತ್ತೇ’ ಎಂದು ವಾದಿಸಿದರೆ ತೀರ್ಮಾನವಾಗುವುದಿಲ್ಲ.

ಬ್ರಿಟನ್ನಿನಲ್ಲಿ ಬಿಬಿಸಿ ಈ ಧಾರಾವಾಹಿಯನ್ನು 1969ರ ಜುಲೈ 12ರಂದು ಆರಂಭಿಸಿತು, ಅದೂ ಎರಡನೆಯ ಪ್ರಾಯೋಗಿಕ ಕಂತಿನಿಂದ. ಆದ್ದರಿಂದ ಅಲ್ಲಿನ ಹಳೆಯ ನೋಡುಗರ ನೆನಪಿನ ಕ್ರಮವೇ ಬೇರೆ. ‘ದಿ ಎಂಪತ್’, ‘ಹೂಮ್ ಗಾಡ್ಸ್ ಡಿಸ್ಟ್ರಾಯ್’, ‘ಪ್ಲೇಟೋಸ್ ಸ್ಟೆಪ್‌ಚಿಲ್ಡ್ರನ್’ ಎಂಬ ಮೂರು ಕಂತುಗಳನ್ನು ಹಿಂಸೆ, ಚಿತ್ರಹಿಂಸೆಗಳ ಕಾರಣ ಕೊಟ್ಟು ಬಿಬಿಸಿ 1990ರ ದಶಕದವರೆಗೆ ತೋರಿಸಲೇ ಇಲ್ಲ. ‘ಮಿರಿ’ಯನ್ನು 1970ರಲ್ಲಿ ಒಮ್ಮೆ ತೋರಿಸಿ, ದೂರುಗಳು ಬಂದ ಮೇಲೆ ಅದನ್ನೂ ಬದಿಗಿಟ್ಟಿತು. ಅಕ್ಕನ ಅಲ್ಲಿನ ಸ್ನೇಹಿತರು ‘ಇಂತಹ ಕಂತೇ ಇಲ್ಲ’ ಎಂದು ಸಾಧಿಸಿದರು ಎಂದು ಬರೆದಿದ್ದೀರಿ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಬಾಲ್ಯದಲ್ಲಿ ಅದು ಇರಲೇ ಇಲ್ಲ. ಜರ್ಮನಿಯಲ್ಲಿ ಇನ್ನೂ ವಿಚಿತ್ರ. ಅಲ್ಲಿ ಝೆಡ್‌ಡಿಎಫ್ ವಾಹಿನಿ 1972ರಿಂದ ತೋರಿಸಿದಾಗ, ಸ್ಪಾಕ್‌ನ ಮದುವೆಯ ಕಥೆಯಾದ ‘ಅಮಾಕ್ ಟೈಮ್’ ಅನ್ನು ಕತ್ತರಿಸಿ, ಸಂಭಾಷಣೆಯನ್ನೂ ಬದಲಿಸಿ, ಅವನ ಸಂಕಟವನ್ನು ಒಂದು ಬಗೆಯ ಬಾಹ್ಯಾಕಾಶ ಜ್ವರವನ್ನಾಗಿ ಮಾಡಿಬಿಟ್ಟರು.

ವಿದೇಶಿ ಮರುಪ್ರಸಾರವೆಂದರೆ ಬರೀ ಕತ್ತರಿಯೇ ಎಂದು ತಿಳಿಯಬೇಕಾಗಿಲ್ಲ. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಧಾರಾವಾಹಿಯ ಅರವತ್ತರ ದಶಕದ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಹೊರದೇಶಗಳಿಗೆ ಮಾರಲು ತೆಗೆದ 16 ಮಿಲಿಮೀಟರಿನ ಫಿಲ್ಮ್ ಪ್ರತಿಗಳು ಅಲ್ಲಲ್ಲಿ ಉಳಿದದ್ದರಿಂದ ಎಷ್ಟೋ ಕಂತುಗಳು ಬದುಕಿದವು. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಹಾಂಗ್‌ಕಾಂಗಿನಿಂದ ಮರಳಿತು, ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಸಿಕ್ಕಿದ್ದು 2013ರಲ್ಲಿ ಪ್ರಕಟವಾಯಿತು. ನಮ್ಮಲ್ಲಿಯೂ ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ತೋರಿಸುತ್ತಿತ್ತು. ಅಡಿಕೆ ದಬ್ಬೆಗೆ ಬಿಗಿದ ಆಂಟೆನಾವನ್ನು ಅಣ್ಣ ಮಾಡಿನ ಮೇಲೆ ನಿಂತು ತಿರುಗಿಸುವುದು, ಒಳಗಿನಿಂದ ನಾನು ‘ಬಂತು, ಹೋಯಿತು’ ಎಂದು ಕೂಗುವುದು, ಹೀಗೆ ಮೊದಲ ಹತ್ತು ನಿಮಿಷ ಯಾವಾಗಲೂ ನಷ್ಟ. ನಾನು ನೋಡಿದ ಕಂತುಗಳೂ ಒಂದು ಲೆಕ್ಕದಲ್ಲಿ 43 ನಿಮಿಷದವೇ.

ಇನ್ನು ವೇಳೆ. ನೀವು ಭಾನುವಾರ ರಾತ್ರಿ 8ಕ್ಕೆ ಕರೆ ಮಾಡಿದರೆ, ಚಳಿಗಾಲದಲ್ಲಿ ಲೆಸ್ಟರಿನಲ್ಲಿ ಮಧ್ಯಾಹ್ನ 2.30, ಟೊರಾಂಟೊದಲ್ಲಿ ಬೆಳಿಗ್ಗೆ 9.30. ಬೇಸಿಗೆಯಲ್ಲಿ ಎರಡೂ ಕಡೆ ಒಂದು ತಾಸು ಮುಂದೆ, ಅಂದರೆ 3.30 ಮತ್ತು 10.30. ಎಡವುವುದು ನಡುವಿನ ವಾರಗಳಲ್ಲಿ. ಕೆನಡಾದಲ್ಲಿ ಚಿಕ್ಕಪ್ಪನ ಕಡೆಯ ಗಡಿಯಾರ ಮಾರ್ಚಿಯ ಎರಡನೆಯ ಭಾನುವಾರ ಮುಂದಕ್ಕೆ ಹೋದರೆ, ಬ್ರಿಟನ್ನಿನದು ಮಾರ್ಚಿಯ ಕೊನೆಯ ಭಾನುವಾರ ಹೋಗುತ್ತದೆ. ಹಿಂದಕ್ಕೆ ಬರುವಾಗ ಬ್ರಿಟನ್ನಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ, ಕೆನಡಾದಲ್ಲಿ ನವೆಂಬರಿನ ಮೊದಲ ಭಾನುವಾರ. ಆ ವಾರಗಳಲ್ಲಿ ಇಬ್ಬರಲ್ಲಿ ಒಬ್ಬರು ತಾಸು ತಪ್ಪಿಸುತ್ತಾರೆ. ವಾಹಿನಿಗಳ ಪಟ್ಟಿಯಲ್ಲಿ ‘ಶನಿವಾರ ರಾತ್ರಿ 12.30’ ಎಂದಿದ್ದರೆ ಅದು ಭಾನುವಾರ ಹುಟ್ಟಿದ ಮೇಲಿನ 12.30 ಎಂಬುದನ್ನೂ ರೆಕಾರ್ಡಿಂಗ್ ಇಡುವ ಅಕ್ಕನಿಗೆ ನೆನಪಿಸಿರಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗುವ ವಿಚಾರಕ್ಕೆ ನನ್ನಲ್ಲಿ ಪರಿಹಾರವಿಲ್ಲ, ಶಿರಸಿಯಲ್ಲಿಯೂ ಅದೇ ಗತಿ. ಇನ್ವರ್ಟರ್ ಇದ್ದರೆ ಶನಿವಾರವೇ ನೋಡಿ ಮುಗಿಸಿರಿ.

ಕ್ರಮವನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕು ಎಂಬ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಬಹುಪಾಲು ಕಂತುಗಳು ತಮ್ಮಷ್ಟಕ್ಕೆ ಪೂರ್ಣವಾದ್ದರಿಂದ ವಾಹಿನಿ ಕೊಟ್ಟಂತೆ ನೋಡಿದರೆ ನಷ್ಟವಿಲ್ಲ. ಕೆಲವು ಜೋಡಿಗಳನ್ನು ಮಾತ್ರ ತಿರುವು ಮುರುವು ಮಾಡಬಾರದು. ‘ದಿ ಮೆನಾಜರಿ’ಯ ಎರಡು ಭಾಗಗಳ ನಡುವೆ ಫೋನಿನಲ್ಲಿ ಚರ್ಚೆಯೇ ಬೇಡ. ‘ಮಡ್ಸ್ ವಿಮೆನ್’ ಆದ ಮೇಲೆಯೇ ‘ಐ, ಮಡ್’. ಶತ್ರುಗಳಾದ ಕ್ಲಿಂಗನ್ನರು ಮೊದಲು ಬರುವ ‘ಎರಂಡ್ ಆಫ್ ಮರ್ಸಿ’ಯಲ್ಲಿ ಆಗುವ ಒಪ್ಪಂದವನ್ನು ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ನೆನೆಯುತ್ತದೆ. ಖಾನ್ ಎಂಬ ಖಳನು ಮೊದಲು ಬರುವ ‘ಸ್ಪೇಸ್ ಸೀಡ್’ ನೋಡದೆ ಅವನದೇ ಕಥೆಯ 1982ರ ಚಲನಚಿತ್ರಕ್ಕೆ ಹೋಗಬೇಡಿರಿ. ‘ಅಮಾಕ್ ಟೈಮ್’ ನಂತರ ಸ್ಪಾಕ್‌ನ ತಂದೆತಾಯಿ ಬರುವ ‘ಜರ್ನಿ ಟು ಬೇಬೆಲ್’ ನೋಡಿದರೆ ರುಚಿ ಹೆಚ್ಚು. ಆ ತಂದೆಯ ಪಾತ್ರ ಮಾಡಿದ ಮಾರ್ಕ್ ಲೆನಾರ್ಡ್ ಅವರೇ ನಿಮ್ಮ ‘ಬ್ಯಾಲೆನ್ಸ್ ಆಫ್ ಟೆರರ್’ನಲ್ಲಿ ಶತ್ರುನೌಕೆಯ ದಳಪತಿ.

ಮೂವರಲ್ಲಿ ಪೂರ್ತಿ ಪ್ರತಿ ಕೈಯಲ್ಲೇ ಇರುವವರು ನೀವೊಬ್ಬರೇ ಆದ್ದರಿಂದ ಕಣದ ಮೇಟಿಯಂತೆ ನಿಮ್ಮ ಡಿಸ್ಕ್ ನಡುವೆ ನಿಲ್ಲಲಿ, ಉಳಿದಿಬ್ಬರು ಅದರ ಸುತ್ತ ಬರಲಿ. ಒಂದು ಉದ್ದ ಪುಸ್ತಕದಲ್ಲಿ ಹೆಸರು, ಮೊದಲ ಪ್ರಸಾರದ ದಿನಾಂಕ, ಮೂವರ ಅವಧಿ, ಹೊರನೋಟ ಹಳೆಯದೋ ಹೊಸದೋ, ಇಷ್ಟನ್ನು ಅಡ್ಡಸಾಲಿನಲ್ಲಿ ಬರೆಯಿರಿ. ನಾನು ಸೊಸೈಟಿ ಕೊಟ್ಟ ಹಳೆಯ ಡೈರಿಯನ್ನೇ ಇದಕ್ಕೆ ಬಳಸಿದ್ದೇನೆ. ಈ ವಾರ ‘ಬ್ಯಾಲೆನ್ಸ್ ಆಫ್ ಟೆರರ್’ನಲ್ಲಿ ಚಿಕ್ಕಪ್ಪನಿಗೆ ಕಾಣದ ಏಳು ನಿಮಿಷಗಳು ಯಾವುವು ಎಂಬುದನ್ನು, ಅವರು ತಮ್ಮ ಪ್ರತಿಯ ದೃಶ್ಯಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ, ನೀವು ಡಿಸ್ಕ್ ನಿಲ್ಲಿಸಿ ನಿಲ್ಲಿಸಿ ಗುರುತು ಹಾಕಿಕೊಳ್ಳಿರಿ, ಪಟ್ಟಿ ಸಿದ್ಧವಾದರೆ ಇಲ್ಲಿಯೇ ಹಾಕಿರಿ, ನನ್ನ ಡೈರಿಯ ಆ ಸಾಲು ಇನ್ನೂ ಖಾಲಿ ಇದೆ.