ಸಾವಿರ ಪುಟ ದಾಟುವ ರಷ್ಯನ್ ಕಾದಂಬರಿಯನ್ನು ಪೂರ್ತಿ ಓದಬೇಕೆ, ಸಾರಾಂಶ ಸಾಲದೆ?

ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ಯಂಥ ಕಾದಂಬರಿಯನ್ನು ತಿಂಗಳುಗಟ್ಟಲೆ ಕೂತು ಓದಿದವರಿಗೆ ದಕ್ಕುವುದಾದರೂ ಏನು, ಹತ್ತು ನಿಮಿಷದ ಸಾರಾಂಶ ಸಾಕಲ್ಲವೇ ಎಂದು ನೀವು ಕೇಳಿದ್ದೀರಿ. ಕಥೆಯಷ್ಟೇ ಬೇಕಿದ್ದರೆ ಖಂಡಿತ ಸಾಕು. ನಾನು ಎರಡು ಬಾರಿ ಈ ಪುಸ್ತಕವನ್ನು ನೂರು ಪುಟ ದಾಟುವ ಮೊದಲೇ ಕೈಬಿಟ್ಟು, ಮೂರನೆಯ ಬಾರಿ ಏಳು ತಿಂಗಳು ತೆಗೆದುಕೊಂಡು ಮುಗಿಸಿದವನು; ಕೆಲವು ವರ್ಷಗಳ ನಂತರ ಮತ್ತೊಮ್ಮೆ ಓದಿದವನು. ನನಗೆ ಇದರಿಂದ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಅದರ ಉದ್ದದಿಂದಲೇ ಸಿಕ್ಕಿತು. ಅದನ್ನು ಒಂದು ಮೇಲ್ತುಟಿಯ ವಿಷಯ ಹೇಳಿ ವಿವರಿಸುತ್ತೇನೆ.

ಕಾದಂಬರಿ ಆರಂಭವಾಗುವುದು 1805ರ ಜುಲೈ ತಿಂಗಳಿನಲ್ಲಿ, ಪೀಟರ್ಸ್‌ಬರ್ಗಿನ ಪ್ರತಿಷ್ಠಿತರ ಮನೆಯೊಂದರ ಸಂಜೆಯ ಕೂಟದಲ್ಲಿ. ಅಲ್ಲಿಗೆ ಆಂದ್ರೇ ಬೊಲ್ಕೊನ್‌ಸ್ಕಿಯ ಎಳೆಯ ಹೆಂಡತಿ ಲೀಸಾ ಜರಿ ಕಸೂತಿಯ ಮಖಮಲ್ಲಿನ ಚೀಲ ಹಿಡಿದು ಬರುತ್ತಾಳೆ. ಆಕೆ ಬಸುರಿ. ಅವಳ ಮೇಲ್ತುಟಿ ತುಸು ಗಿಡ್ಡ, ಅದರ ಮೇಲೆ ಕಂಡೂ ಕಾಣದಂಥ ನವಿರಾದ ಕೂದಲು. ಹಲ್ಲನ್ನು ಪೂರ್ತಿ ಮುಚ್ಚದ ಆ ತುಟಿಯೇ ಅವಳ ಚೆಲುವಿಗೆ ಕಾರಣ ಎಂಬಂತೆ ಟಾಲ್‌ಸ್ಟಾಯ್ ವರ್ಣಿಸುತ್ತಾನೆ. ಓದುತ್ತಿರುವಾಗ ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಗಂಡನಿಗೆ ಅವಳೆಂದರೆ ಬೇಸರ. ಅವಳ ಮಾತು ಅವನಿಗೆ ಬರೀ ಹರಟೆ. ಅವಳನ್ನು ಹಳ್ಳಿಯ ಬಂಗಲೆಯಲ್ಲಿ ತನ್ನ ಮುಂಗೋಪಿ ತಂದೆಯ ಸುಪರ್ದಿಗೆ ಬಿಟ್ಟು ಅವನು ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೆ ಹೊರಟುಹೋಗುತ್ತಾನೆ. ಆಸ್ಟರ್ಲಿಟ್ಜ್ ಕಾಳಗದಲ್ಲಿ ಗಾಯಗೊಂಡು, ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೇ ಇಲ್ಲದೆ ಹಲವು ತಿಂಗಳಾದ ಮೇಲೆ, ಸರಿಯಾಗಿ ಅವಳ ಹೆರಿಗೆಯ ರಾತ್ರಿ ಅವನು ಮನೆ ತಲುಪುತ್ತಾನೆ. ಮಗು ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ. ನಾನು ಯಾರಿಗೂ ಕೇಡು ಬಗೆದವಳಲ್ಲ, ನೀವು ನನಗೆ ಮಾಡಿದ್ದೇನು ಎಂದು ಆ ಸತ್ತ ಮುಖ ಕೇಳುತ್ತಿರುವಂತೆ ಅವನಿಗೆ ಕಾಣುತ್ತದೆ.

ಸಾರಾಂಶದಲ್ಲಿ ಲೀಸಾಳ ಕಥೆ ಇಲ್ಲಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಮುಗಿಯುವುದಿಲ್ಲ. ಆಕೆಯ ಸಮಾಧಿಯ ಮೇಲೆ ಇಟಲಿಯಿಂದ ತರಿಸಿದ ಅಮೃತಶಿಲೆಯ ದೇವದೂತನ ಪ್ರತಿಮೆಯನ್ನು ನಿಲ್ಲಿಸುತ್ತಾರೆ. ಅದರ ಮೇಲ್ತುಟಿ, ನಗಲು ಹೊರಟಂತೆ, ಸ್ವಲ್ಪ ಮೇಲಕ್ಕೆ ಎದ್ದಿದೆ. ಈ ಮುಖ ಅವಳನ್ನೇ ನೆನಪಿಸುತ್ತದಲ್ಲ ಎಂದು ಆಂದ್ರೇ ಮತ್ತು ಅವನ ತಂಗಿ ಮಾತಾಡಿಕೊಳ್ಳುತ್ತಾರೆ. ಆದರೆ ಆ ಕಲ್ಲಿನ ಮುಖದಲ್ಲಿ ತನಗೆ ಹಳೆಯ ಆಕ್ಷೇಪಣೆಯೇ ಕಾಣುತ್ತಿದೆ ಎಂಬುದನ್ನು ಆಂದ್ರೇ ತಂಗಿಗೆ ಹೇಳುವುದಿಲ್ಲ. ಅಲ್ಲಿಂದ ನೂರಾರು ಪುಟ ಅವಳ ಸುದ್ದಿಯೇ ಅಷ್ಟಾಗಿ ಇಲ್ಲ. ಆಂದ್ರೇಗೆ ನತಾಶಾ ಎಂಬ ತರುಣಿಯ ಮೇಲೆ ಪ್ರೀತಿ ಹುಟ್ಟುತ್ತದೆ, ನಿಶ್ಚಿತಾರ್ಥವಾಗುತ್ತದೆ, ಮುರಿದುಬೀಳುತ್ತದೆ. 1812ರಲ್ಲಿ ಅವನು ಊರಿಗೆ ಬಂದಾಗ ಆ ಮನೆಯಲ್ಲಿ ಒಂದು ಕುರ್ಚಿಯೂ ಜಾಗ ಬದಲಿಸಿದಂತಿಲ್ಲ. ಬೆಳೆದಿರುವುದು, ಬದಲಾಗಿರುವುದು ಮಗನೊಬ್ಬನೇ. ಆ ಹುಡುಗ ನಗುವಾಗ, ತನಗೇ ಗೊತ್ತಿಲ್ಲದಂತೆ, ತೀರಿಹೋದ ತಾಯಿಯ ಹಾಗೆಯೇ ಮೇಲ್ತುಟಿಯನ್ನು ಎತ್ತುತ್ತಾನೆ ಎಂದು ಒಂದೇ ಒಂದು ವಾಕ್ಯ ಬರುತ್ತದೆ.

ಆ ವಾಕ್ಯ ಓದಿದ ರಾತ್ರಿ ನಾನು ಮುಂದೆ ಓದಲಿಲ್ಲ. ನನಗೆ ತಟ್ಟಿದ್ದು ಲೀಸಾಳ ನೆನಪಿಗಿಂತಲೂ ನಾನು ಅವಳನ್ನು ಮರೆತುಬಿಟ್ಟಿದ್ದೆ ಎಂಬ ಸಂಗತಿ. ಆಕೆ ಸತ್ತದ್ದನ್ನು ನಾನು ಓದಿ ಎರಡು ತಿಂಗಳಾಗಿತ್ತು. ನಡುವೆ ನನ್ನ ಆಫೀಸು, ಒಂದು ಮದುವೆ, ಒಂದು ಜ್ವರ ಎಲ್ಲ ಬಂದುಹೋಗಿದ್ದವು. ಅವಳ ಗಂಡ ಮರೆತ ಹಾಗೆಯೇ ನಾನೂ ಮರೆತಿದ್ದೆ. ಸಣ್ಣ ಕಥೆಯೊಂದು ನಮಗೆ ಏನನ್ನು ಬೇಕಾದರೂ ತೋರಿಸಬಹುದು, ಆದರೆ ಮರೆಯುವಷ್ಟು ಕಾಲವನ್ನು ಕೊಡಲಾರದು. ಸಾರಾಂಶವಂತೂ ಮರೆಯಬಾರದೆಂದೇ ಬರೆದದ್ದು.

ಅನತೋಲ್ ಕುರಾಗಿನ್‌ನ ಪ್ರಸಂಗವೂ ಇಂಥದೇ. ನತಾಶಾಳನ್ನು ಮರುಳುಮಾಡಿ ಓಡಿಸಿಕೊಂಡು ಹೋಗಲು ಹವಣಿಸಿದವನು ಇವನು. ಇವನನ್ನು ದ್ವಂದ್ವಯುದ್ಧಕ್ಕೆ ಕರೆಯಬೇಕೆಂದು ಆಂದ್ರೇ ಊರಿಂದೂರಿಗೆ ಹುಡುಕಿಕೊಂಡು ಹೋಗುತ್ತಾನೆ, ಓದುವ ನಾವೂ ಹಲ್ಲು ಕಡಿಯುತ್ತ ಕಾಯುತ್ತೇವೆ. ಬೊರೊದಿನೊ ರಣರಂಗದಲ್ಲಿ ಹೊಟ್ಟೆಗೆ ಗಾಯವಾಗಿ ವೈದ್ಯರ ಡೇರೆಯಲ್ಲಿ ಮಲಗಿರುವ ಆಂದ್ರೇಯ ಪಕ್ಕದ ಮೇಜಿನಲ್ಲಿ ಯಾರದೋ ಕಾಲು ಕತ್ತರಿಸುತ್ತಿದ್ದಾರೆ. ಆ ಮನುಷ್ಯ ಅದನ್ನು ತೋರಿಸಿ ಎನ್ನುತ್ತಾನೆ, ರಕ್ತ ಹೆಪ್ಪುಗಟ್ಟಿದ ಬೂಟಿನ ಸಮೇತ ಕಾಲನ್ನು ಎತ್ತಿ ತೋರಿಸಿದಾಗ ಬಿಕ್ಕಿಬಿಕ್ಕಿ ಅಳುತ್ತಾನೆ. ಅವನು ಅನತೋಲ್. ಈ ಅಳುವವನಿಗೂ ತನಗೂ ಯಾವ ಸಂಬಂಧ ಎಂಬುದು ಆಂದ್ರೇಗೆ ತಕ್ಷಣ ಹೊಳೆಯುವುದೇ ಇಲ್ಲ. 1810ರ ನೃತ್ಯಕೂಟದಲ್ಲಿ ಕಂಡ ನತಾಶಾಳ ತೆಳ್ಳನೆಯ ಕತ್ತು, ತೋಳುಗಳು ಮೊದಲು ನೆನಪಾಗುತ್ತವೆ, ಆಮೇಲೆ ಇವನು ಯಾರೆಂಬುದು. ‘ಆಂದ್ರೇ ಶತ್ರುವನ್ನು ಕ್ಷಮಿಸಿದ’ ಎಂಬ ಸಾರಾಂಶದ ಸಾಲು ಸುಳ್ಳಲ್ಲ. ಆದರೆ ಅಷ್ಟು ಪುಟಗಳ ಸಿಟ್ಟನ್ನು ಸ್ವತಃ ಹೊತ್ತು ತಂದವರಿಗೆ ಮಾತ್ರ ಅದು ಕೈಯಿಂದ ಜಾರಿಹೋಗುವುದು ಗೊತ್ತಾಗುತ್ತದೆ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ನೆಪೋಲಿಯನ್ನನ ಬಗ್ಗೆ, ಚರಿತ್ರೆ ನಡೆಯುವ ಬಗೆಯ ಬಗ್ಗೆ ಲೇಖಕ ಕಥೆ ನಿಲ್ಲಿಸಿ ಮಾಡುವ ಭಾಷಣಗಳಲ್ಲಿ ಅರ್ಧದಷ್ಟನ್ನು ನಾನು ಹಾರಿಸಿದ್ದೇನೆ. ಉಪಸಂಹಾರದ ಎರಡನೆಯ ಭಾಗದ 12 ಅಧ್ಯಾಯಗಳಲ್ಲಿ ಕಥೆಯೇ ಇಲ್ಲ, ಅವನ್ನು ಬಿಟ್ಟರೆ ಯಾರೂ ನಿಮ್ಮನ್ನು ಬೈಯುವುದಿಲ್ಲ. ಹೆಸರುಗಳ ಗೋಜಲು ಮೊದಲ ಎರಡು ವಾರದ್ದು. ರಷ್ಯನ್ನರ ಹೆಸರಿನಲ್ಲಿ ನಡುವೆ ಬರುವುದು ತಂದೆಯ ಹೆಸರು, ನಮ್ಮ ಇನಿಷಿಯಲ್ಲನ್ನು ಬಿಡಿಸಿ ಬರೆದ ಹಾಗೆ. ಮನೆಯಲ್ಲಿ ಸರಸ್ವತಿ ಸರಸು ಆಗುವಂತೆ ನತಾಲ್ಯಾ ನತಾಶಾ ಆಗುತ್ತಾಳೆ. ಒಟ್ಟು 361 ಅಧ್ಯಾಯಗಳಿವೆ, ಹೆಚ್ಚಿನವು ಕೆಲವೇ ಪುಟಗಳವು, ಆದ್ದರಿಂದ ದಿನಕ್ಕೊಂದರಂತೆ ಓದಿದರೂ ವರ್ಷದೊಳಗೆ ಮುಗಿಯುತ್ತದೆ. 1865ರಿಂದ ಮೊದಲ ಭಾಗಗಳನ್ನು ಪತ್ರಿಕೆಯಲ್ಲಿ ಓದಿದ ರಷ್ಯನ್ನರು ಪೂರ್ತಿ ಪುಸ್ತಕಕ್ಕಾಗಿ 1869ರವರೆಗೆ ಕಾದಿದ್ದರು ಎಂಬುದನ್ನು ನೆನೆದರೆ ನಮ್ಮದು ಅವಸರದ ಓದೇ. ಕನ್ನಡದಲ್ಲಿ ಓದುವವರಿಗೆ ದೇ. ಜವರೇಗೌಡರ ಅನುವಾದವೂ ಓ.ಎಲ್. ನಾಗಭೂಷಣ ಸ್ವಾಮಿಯವರ ಅನುವಾದವೂ ಇವೆ.

ಎರಡನೆಯ ಓದಿನಲ್ಲಷ್ಟೇ ನನ್ನ ಗಮನಕ್ಕೆ ಬಂದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಕಥೆಯ ಭಾಗ ಕೊನೆಗೊಳ್ಳುವುದು 1820ರ ಡಿಸೆಂಬರಿನ ಒಂದು ರಾತ್ರಿ. ದೊಡ್ಡವರೆಲ್ಲ ತಮ್ಮ ತಮ್ಮ ಕೋಣೆಗಳಿಗೆ ಹೋಗಿದ್ದಾರೆ. ಕೆಳಗಿನ ಕೋಣೆಯಲ್ಲಿ, ಕತ್ತಲೆಂದರೆ ಹೆದರುವ, ದೀಪ ಹಚ್ಚಿಟ್ಟುಕೊಂಡೇ ಮಲಗುವ ಹದಿನೈದು ವರ್ಷದ ಹುಡುಗನೊಬ್ಬ ಕೆಟ್ಟ ಕನಸಿನಿಂದ ಬೆವರಿ ಎಚ್ಚೆತ್ತು, ತನಗೆ ಸರಿಯಾಗಿ ನೆನಪೇ ಇರದ ತಂದೆಗಾಗಿ ಅಳುತ್ತಾನೆ. ಅವನು ಲೀಸಾಳ ಮಗ. ಮೊದಲ ಪುಟಗಳ ಆ ಸಂಜೆಯ ಕೂಟಕ್ಕೆ, ಯಾರ ಕಣ್ಣಿಗೂ ಬೀಳದೆ, ಅವನೂ ಬಂದಿದ್ದ.